ಡೇಟ್ ಕಾಲಮ್‌ನಲ್ಲಿ ಖಾಲಿ ಜಾಗ ಇದ್ರೆ ಹೀಗೆ ಮಾಡಿ
ಪೈಥಾನ್‌ನ ಪಾಂಡಾಸ್ ಅನ್ನೋ ಡೇಟಾ ಲೈಬ್ರರಿಯಲ್ಲಿ ಟೆಕ್ಸ್ಟ್‌ನ ಡೇಟ್‌ಗೆ ಬದಲಾಯಿಸೋವಾಗ ಸುಮ್ನೆ ಖಾಲಿ ಇರೋ ಸೆಲ್‌ನಿಂದ ತೊಂದ್ರೆ ಇಲ್ಲ, ಅದು ತಾನಾಗೇ ನಾಟ್-ಎ-ಟೈಮ್ (NaT, ಅಂದ್ರೆ ಇಲ್ಲಿ ತಾರೀಖಿಲ್ಲ ಅನ್ನೋ ಗುರುತು) ಆಗತ್ತೆ, ಆದ್ರೆ ಯಾರೋ ಅಲ್ಲಿ ಒಂದು ಡ್ಯಾಶ್ ಅಥವಾ 'ಗೊತ್ತಿಲ್ಲ' ಅಂತ ಬರೆದಿಟ್ಟಿದ್ರೆ ಎರರ್ ಬಂದು ಕೋಡ್ ಅಲ್ಲೇ ನಿಲ್ಲತ್ತೆ. ಆಗ ಎಲ್ರೂ ಎರರ್ಸ್ ಆಯ್ಕೆಗೆ 'ಕೋಅರ್ಸ್' (errors='coerce', ಅಂದ್ರೆ ಓದೋಕಾಗದ್ದನ್ನೆಲ್ಲ ನಾಟ್-ಎ-ಟೈಮ್ ಮಾಡು ಅಂತ) ಕೊಟ್ಟು ಮುಂದೆ ಹೋಗ್ತಾರೆ. ಕೊಡಿ, ತಪ್ಪೇನಿಲ್ಲ, ಆದ್ರೆ ಕೊಡೋಕೆ ಮುಂಚೆ ಎಷ್ಟು ಖಾಲಿ ಇತ್ತು, ಆಮೇಲೆ ಎಷ್ಟಾಯ್ತು ಅಂತ ಎಣಿಸಿ ನೋಡ್ಲೇಬೇಕು, ಯಾಕಂದ್ರೆ 31/02/2023 ತರದ ಇಲ್ಲದ ತಾರೀಖು ಬಿಡಿ, ಸರಿಯಾದ ತಾರೀಖೂ ಕಳೆದುಹೋಗತ್ತೆ! ಪಾಂಡಾಸ್ 2ರಿಂದ ಈಚೆಗೆ ಕಾಲಮ್‌ನ ಮೊದಲ ತಾರೀಖು ನೋಡಿ ಫಾರ್ಮ್ಯಾಟ್ ಊಹಿಸತ್ತೆ, ಮೊದಲನೇದು 03/04/2024 ಇದ್ರೆ ತಿಂಗಳು ಮುಂದೆ ಇದೆ ಅಂದ್ಕೊಂಡು, ಕೆಳಗಿರೋ 25/04/2024ನ ಸದ್ದಿಲ್ದೆ ಖಾಲಿ ಮಾಡತ್ತೆ. ಅದಕ್ಕೇ ಫಾರ್ಮ್ಯಾಟ್‌ನ ನೀವೇ ಬರೆದುಕೊಡಿ, ದಯವಿಟ್ಟು.

ಇನ್ನೊಂದು, ಖಾಲಿ ಇದ್ಯಾ ಅಂತ ನೋಡೋಕೆ ಎರಡು ಈಕ್ವಲ್ (==) ಹಾಕ್ಬೇಡಿ, ನಾಟ್-ಎ-ಟೈಮ್ ತನಗೆ ತಾನೇ ಸಮ ಅಲ್ಲ, 'ಈಸ್‌ಎನ್‌ಎ' (isna) ಬಳಸಿ. ದೊಡ್ಡದು ಚಿಕ್ಕದು ಅಂತ ಫಿಲ್ಟರ್ ಹಾಕಿದ್ರೂ ಆ ಸಾಲುಗಳು ಬಿಟ್ಟುಹೋಗತ್ವೆ. ಖಾಲಿ ಜಾಗಕ್ಕೆ 01/01/1900 ತುಂಬೋದಂತೂ ಬೇಡ್ವೇ ಬೇಡ, ವಯಸ್ಸು ಲೆಕ್ಕ ಹಾಕೋವಾಗ ಎಲ್ಲಾ ಕೆಡತ್ತೆ.