ಪ್ಯಾಕಲ್ಲಿ ಇನ್ನೆಷ್ಟಿದೆ?

ನಾನು ಸಿಗರೇಟು ಬಿಟ್ಟದ್ದು ಆರನೇ ಸಲ. ಮೊದಲ ಐದು ಸಲ ಯಾರಿಗೂ ಹೇಳದೆ ಬಿಟ್ಟಿದ್ದೆ. ಹೇಳಿಕೊಂಡು ಆಮೇಲೆ ಮತ್ತೆ ಸೇದಿದರೆ ಮಾನ ಹೋಗುತ್ತದಲ್ಲ, ಅದಕ್ಕೆ. ಗುಟ್ಟಾಗಿ ಬಿಟ್ಟದ್ದು ಗುಟ್ಟಾಗಿಯೇ ಶುರುವಾಗುತ್ತಿತ್ತು. ಅಬ್ಬಬ್ಬಾ ಅಂದರೆ ಹನ್ನೊಂದು ದಿನ ತಡೆದಿದ್ದೆ.

ಪೀಣ್ಯದ ಒಂದು ಸಣ್ಣ ಮಷೀನ್ ಶಾಪಿನಲ್ಲಿ ನಾನು ಲೇತ್ ಆಪರೇಟರ್. ಹದಿನೇಳು ವರ್ಷ ಆಯಿತು. ದಿನಕ್ಕೆ ಹನ್ನೆರಡು ಸಿಗರೇಟು, ಓವರ್‌ಟೈಮ್ ಇದ್ದರೆ ಹದಿನೈದು. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ಟೀ ಬಿಡುವು. ಗೇಟಿನ ಎದುರಿನ ಗೂಡಂಗಡಿಯಲ್ಲಿ ಲೈಟರನ್ನು ದಾರಕ್ಕೆ ಕಟ್ಟಿ ನೇತುಹಾಕಿರುತ್ತಾರೆ. ನಾನು ರಸ್ತೆ ದಾಟುವಷ್ಟರಲ್ಲಿ ಅಂಗಡಿಯಣ್ಣ ಒಂದು ಸಿಗರೇಟು ತೆಗೆದು ಮಿಠಾಯಿ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಿರುತ್ತಿದ್ದ. ಬಾಯಿಬಿಟ್ಟು ಕೇಳಬೇಕಾಗಿಯೇ ಇರಲಿಲ್ಲ. ಬಿಡಿ ಸಿಗರೇಟು ಮಾರಬಾರದು ಅಂತ ನಮ್ಮ ರಾಜ್ಯದಲ್ಲಿ ನಿಯಮ ಇದೆ. ಅದು ಆ ಮುಚ್ಚಳದವರೆಗೆ ಬಂದಿರಲಿಲ್ಲ.

ನಮ್ಮಲ್ಲಿ ಗ್ರೈಂಡಿಂಗ್ ಮಾಡುವ ಅಣ್ಣ ಒಬ್ಬರಿದ್ದಾರೆ. ತಿಪಟೂರು ಕಡೆಯವರು, ಐವತ್ತು ದಾಟಿದೆ. ಒಂದು ದಿನ ಟೀ ಹೊತ್ತಿನಲ್ಲಿ ಅವರನ್ನು ನೋಡಿ ಏನೋ ಬದಲಾಗಿದೆ ಅನಿಸಿತು, ಏನು ಅಂತ ಹೊಳೆಯಲಿಲ್ಲ. ಅರ್ಧ ಟೀ ಕುಡಿದ ಮೇಲೆ ಹೊಳೆಯಿತು. ಗ್ಲಾಸು ಬಲಗೈಯಲ್ಲಿತ್ತು. ಇಷ್ಟು ವರ್ಷ ಅವರ ಟೀ ಎಡಗೈಯಲ್ಲಿ ಇರುತ್ತಿತ್ತು. ಬಲಗೈ ಸಿಗರೇಟಿಗೆ.

“ಏನಣ್ಣ, ಬಿಟ್ರಾ?”

“ಒಂಬತ್ತು ದಿನ ಆಯ್ತು ಕಣಪ್ಪ. ಎಲ್ಲರಿಗೂ ಹೇಳು.”

ಯಾರಿಗೂ ಹೇಳಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ನನ್ನ ಐದೂ ಸಲದ ಲೆಕ್ಕ ಅಲ್ಲೇ ತಲೆಕೆಳಗಾಯಿತು.

ಪ್ಯಾಕಿನ ಮೇಲೆ ನೂರಕ್ಕೆ 85 ಭಾಗ ಆ ಕೊಳೆತ ಬಾಯಿಯ ಚಿತ್ರ ಇರುತ್ತದೆ. ನಾನು ಹೆಬ್ಬೆರಳು ಅಡ್ಡ ಇಟ್ಟು ಸಿಗರೇಟು ತೆಗೆಯುವುದನ್ನು ಕಲಿತಿದ್ದೆ. ಹತ್ತು ವರ್ಷದ ಹಿಂದೆ ಬಿಟ್ಟ ನಮ್ಮ ಮಾವನೂ ಸಿಕ್ಕಾಗಲೆಲ್ಲ ಬುದ್ಧಿ ಹೇಳುತ್ತಿದ್ದರು. “ಮನಸ್ಸು ಮಾಡಿದ್ರೆ ಆಗುತ್ತೆ” ಅನ್ನುವುದು ಅವರ ಮಾತು. ಅವರಿಗೆ ಹಿಂಸೆ ಮರೆತುಹೋಗಿದೆ. ಒಂಬತ್ತು ದಿನದವರಿಗೆ ಮರೆತಿರಲ್ಲ. ಅಣ್ಣನ ಗ್ಲಾಸು ಇನ್ನೂ ಸಣ್ಣಗೆ ನಡುಗುತ್ತಿತ್ತು.

ತಂಬಾಕು ಬಿಡಲು ನೆರವಾಗುವ ಸಹಾಯವಾಣಿಯ ನಂಬರನ್ನು ಅಣ್ಣ ಕೊಟ್ಟರು. ನಿಜ ಹೇಳಬೇಕೆಂದರೆ ಅದು ನನ್ನ ಜೇಬಿನಲ್ಲೇ ಇತ್ತು. 1800-11-2356. 2018ರಿಂದ ಪ್ಯಾಕಿನ ಮೇಲೆ ಅಚ್ಚು ಹಾಕುತ್ತಿದ್ದಾರೆ, ದುಡ್ಡು ಬೀಳಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಾನು ಉಪದೇಶ ಕೇಳಲು ರೆಡಿಯಾಗಿ ಫೋನ್ ಮಾಡಿದೆ. ಆ ಕಡೆಯ ಮೇಡಂ ಕೇಳಿದ್ದು ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಸೇದುತ್ತೀರಿ ಅಂತ. “ಹಲ್ಲುಜ್ಜೋಕೆ ಮುಂಚೆ” ಅಂದೆ. ಅವರು ನಗಲಿಲ್ಲ. ಒಂದು ದಿನ ಗೊತ್ತು ಮಾಡಿ ಅಂದರು. ಮುಂದಿನ ಸೋಮವಾರ ಅಂದೆ. ಆ ಸೋಮವಾರ ಅವರೇ ಫೋನ್ ಮಾಡಿದರು.

ಅಷ್ಟರಲ್ಲಿ ವೆಲ್ಡಿಂಗ್‌ನವನೂ, ಅಪ್ರೆಂಟಿಸ್‌ಗೆ ಬಂದಿದ್ದ ಐಟಿಐ ಹುಡುಗನೂ ಸೇರಿಕೊಂಡರು. ಹುಡುಗ ಸೇರಿದ್ದು ತಮಾಷೆಗೆ. ಅಂಗಡಿಯಣ್ಣನಿಗೂ ಹೇಳಿದೆವು. ಅದು ದೊಡ್ಡ ಕೆಲಸ ನೋಡಿ. ಸೋಮವಾರ ಹನ್ನೊಂದಕ್ಕೆ ಹೋದಾಗ ಮುಚ್ಚಳದ ಮೇಲೆ ಕಡಲೆಮಿಠಾಯಿ ಇತ್ತು.

ಮೂರನೇ ದಿನ ಕೆಟ್ಟದ್ದು ಅಂತ ಅಣ್ಣ ಮೊದಲೇ ಹೇಳಿದ್ದರು. ಆದರೂ ನಾನು ಅಷ್ಟು ಅಂದುಕೊಂಡಿರಲಿಲ್ಲ. ಬುಧವಾರ ಲೇತಿನಲ್ಲಿ ಒಂದು ಬುಷ್‌ನ ಒಳತೂತು ಕೊರೆಯುತ್ತಿದ್ದೆ. 25.02 ಮಿಲಿಮೀಟರಿಗೆ ನಿಲ್ಲಿಸಬೇಕು. ಕಣ್ಣ ಮುಂದೆ ಡಯಲ್ ಇದೆ, ತಲೆಯಲ್ಲಿ ಹತ್ತಿ ತುಂಬಿದ ಹಾಗೆ. 25.20 ಆಯಿತು. ಅಷ್ಟು ವರ್ಷ ಕೆಲಸ ಮಾಡಿದವನು ಹೊಸಬನ ಹಾಗೆ ಪೀಸು ಕೆಡಿಸಿದೆ. ಸೂಪರ್‌ವೈಸರ್ ಕೂಗಾಡಿದರು. ನಾನೂ ಕೂಗಾಡಿದೆ. ಕಾಲು ತಾನಾಗಿಯೇ ಗೇಟಿನ ಕಡೆ ಹೊರಟಿತ್ತು.

ಅಣ್ಣ ಹಿಂದೆಯೇ ಬಂದರು. ಸಮಾಧಾನ ಅಂತ ಏನೂ ಹೇಳಲಿಲ್ಲ. ಒಂದು ಎಂ12 ಬೋಲ್ಟು ಕೈಗೆ ಕೊಟ್ಟರು, ಹನ್ನೆರಡು ಮಿಲಿಮೀಟರ್ ದಪ್ಪ, ನೂರು ಮಿಲಿಮೀಟರ್ ಉದ್ದ, ತಲೆವರೆಗೂ ಥ್ರೆಡ್. ಅದಕ್ಕೊಂದು ನಟ್ಟು. “ತುದಿಯಿಂದ ತಲೆವರೆಗೆ ತಿರುಗಿಸ್ಕೊಂಡು ಹೋಗು, ವಾಪಸ್ ಬಾ. ಆಮೇಲೂ ಬೇಕು ಅನ್ಸಿದ್ರೆ ನಾನೇ ಕೊಡಿಸ್ತೀನಿ.” ಎಂ12ಕ್ಕೆ ಪಿಚ್, ಅಂದರೆ ಒಂದು ಸುತ್ತಿಗೆ ನಟ್ಟು ಸಾಗುವ ದೂರ, 1.75 ಮಿಲಿಮೀಟರ್. ಒಂದು ಕಡೆಗೆ ಐವತ್ತಕ್ಕೂ ಜಾಸ್ತಿ ಸುತ್ತು, ಹೋಗಿ ಬರಲು ನೂರು ದಾಟುತ್ತದೆ. ಸಿಗರೇಟಿನ ಆಸೆ ಬಂದರೆ ಕೆಲವೇ ನಿಮಿಷ ಮೇಲೇರಿ ತಾನಾಗಿ ಇಳಿಯುತ್ತದೆ, ಮೇಡಂ ಕೂಡ ಅದನ್ನೇ ಹೇಳಿದ್ದರು. ಹೇಳಿದ್ದು ಕಿವಿಯಲ್ಲಿತ್ತು, ಬೆರಳಿಗೆ ಗೊತ್ತಿರಲಿಲ್ಲ. ನಟ್ಟು ವಾಪಸ್ ಬಂದಾಗ ಇನ್ನೂ ಬೇಕು ಅನಿಸುತ್ತಿತ್ತು, ಆದರೆ ಓಡಿಹೋಗುವಷ್ಟು ಅಲ್ಲ. ಆ ದಿನ ಹದಿನಾಲ್ಕು ಸಲ ತಿರುಗಿಸಿದೆ. ಬೆರಳ ತುದಿ ಕಪ್ಪಗಾಯಿತು.

ನಿಕೋಟಿನ್ ಗಮ್ ತೆಗೆದುಕೊಂಡವನು ವೆಲ್ಡಿಂಗ್‌ನವನು. ಎರಡು ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಹಾಗೇ ಕೊಡುತ್ತಾರೆ, ನಾಲ್ಕು ಮಿಲಿಗ್ರಾಂಗೆ ಡಾಕ್ಟರ್ ಚೀಟಿ ಬೇಕು. ಅವನು ಅದನ್ನು ಬಬಲ್‌ಗಮ್ ಥರ ಜಗಿದು ಮಧ್ಯಾಹ್ನವೆಲ್ಲ ಬಿಕ್ಕಳಿಸಿದ. ಜಗಿಯುವ ರೀತಿ ಬೇರೆ ಇದೆ. ಮೆಲ್ಲಗೆ ನಾಲ್ಕು ಸಲ ಜಗಿದು, ಖಾರ ಅನಿಸಿದ ತಕ್ಷಣ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಖಾರ ಹೋದಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚೆ ಕಾಲು ಗಂಟೆ, ಬಾಯಲ್ಲಿರುವಾಗಲೂ, ಟೀ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹಿಡಿಯುವುದಿಲ್ಲ. ಇದೆಲ್ಲ ಡಬ್ಬಿಯೊಳಗಿನ ಚೀಟಿಯಲ್ಲೇ ಇತ್ತು. ಯಾರು ಓದುತ್ತಾರೆ?

ಅದೇ ವಾರ ಅವನು ಕಡ್ಡಿಪುಡಿಗೆ ಕೈ ಹಾಕಿದ. “ಹೊಗೆ ಇಲ್ಲವಲ್ಲ” ಅಂದ. ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಿದ್ದ ನಮ್ಮಜ್ಜಿಯ ಬಾಯಿ ಕೊನೆಗೆ ಏನಾಯಿತು ಅಂತ ಅವನಿಗೆ ಹೇಳಿದೆ. ಇಲ್ಲಿ ಬರೆಯಲ್ಲ.

ಇನ್ನು ಯಾರೂ ಹೇಳದ ಕೆಲವು ಸಂಗತಿ. ಮಲಬದ್ಧತೆ. ನಾಲ್ಕು ದಿನ ನಾನು ಒದ್ದಾಡಿದೆ, ದೊಡ್ಡ ಕಾಯಿಲೆ ಬಂತು ಅಂತಲೇ ಹೆದರಿದ್ದೆ. ಟೀ ಹೊತ್ತಿನಲ್ಲಿ ಮೆಲ್ಲಗೆ ಬಾಯಿಬಿಟ್ಟರೆ ಮೂವರೂ “ನಂಗೂ, ನಂಗೂ” ಅಂದರು. ನಕ್ಕು ನಕ್ಕು ಟೀ ಚೆಲ್ಲಿತು. ಪಪ್ಪಾಯ, ನೀರು, ಒಂದು ವಾರದಲ್ಲಿ ಸರಿಹೋಯಿತು. ನಿದ್ದೆಯೂ ಅಷ್ಟೇ. ಹೊಗೆ ಸೇದುವವರ ಮೈ ಕಾಫಿಯ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತ ಮೇಲೆ ಅದೇ ನಾಲ್ಕು ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ರಾತ್ರಿ ಎರಡಾದರೂ ಸೂರು ನೋಡುತ್ತಾ ಮಲಗಿರುತ್ತಿದ್ದೆ. ಕಾಫಿ ಎರಡಕ್ಕೆ ಇಳಿಸಿದೆ, ಕಣ್ಣು ಮುಚ್ಚಿತು.

ಟೂಲ್ ಬೀರುವಿನ ಬಾಗಿಲ ಒಳಬದಿಯಲ್ಲಿ ಸೀಮೆಸುಣ್ಣದಿಂದ ನಾಲ್ಕು ಸಾಲು ಹಾಕಿಕೊಂಡಿದ್ದೆವು. ದಿನಕ್ಕೊಂದು ಗೀಟು. ಸೇದಿದ ದಿನ ಗೀಟಿನ ಬದಲು ಸೊನ್ನೆ, ಹಿಂದಿನ ಗೀಟು ಅಳಿಸುವ ಹಾಗಿಲ್ಲ. ವೆಲ್ಡಿಂಗ್‌ನವನು ಇದಕ್ಕೆ ಜಗಳವಾಡಿದ. ಸೇದಿದರೆ ಮೊದಲಿಂದ ಎಣಿಸಬೇಕು, ಇಲ್ಲದಿದ್ದರೆ ಭಯ ಇರಲ್ಲ ಅಂತ ಅವನ ವಾದ. ಕೆಲವರಿಗೆ ಅದು ಸರಿ ಇರಬಹುದು. ನನಗೆ ಭಯವೇ ಕಂಟಕ ಆಗಿತ್ತು.

ಯಾಕೆ ಅಂದರೆ, ಮೂರನೇ ಸಲ ಬಿಟ್ಟಾಗ ಹೆಂಡತಿಗೆ ಗೊತ್ತಾಗಿ ಮಗಳ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದಳು. ಆರನೇ ದಿನ ಸೇದಿದೆ. ಮಗಳ ಮೇಲೆ ಆಣೆ ಮಾಡಿ ಮುರಿದವನು ಹೋಗಿ ಹೇಳುವುದು ಹೇಗೆ? ಹೇಳಲಿಲ್ಲ. ಬೀದಿ ಕೊನೆಯ ಸೀಬೆ ಗಿಡದ ಎಲೆ ಕಿತ್ತು ಜಗಿದು, ಬೆರಳಿಗೂ ಅದನ್ನೇ ಉಜ್ಜಿಕೊಂಡು ಮನೆಗೆ ಹೋಗುತ್ತಿದ್ದೆ. ಏಳು ತಿಂಗಳು ಹೀಗೇ ನಡೆಯಿತು. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. “ಸೀಬೆ ಎಲೆ ವಾಸನೆ ಬಂದ್ರೆ ಇವತ್ತಿಗೂ ಸಿಟ್ಟು ಬರುತ್ತೆ ರೀ” ಅನ್ನುತ್ತಾಳೆ. ದಯವಿಟ್ಟು ಯಾರಿಗೂ ಆಣೆ ಹಾಕಿಸಬೇಡಿ. ಅವನು ಸಿಗರೇಟು ಬಿಡಲ್ಲ, ನಿಜ ಹೇಳುವುದನ್ನು ಬಿಡುತ್ತಾನೆ.

ನನ್ನ ಸಾಲಿನಲ್ಲೂ ಒಂದು ಸೊನ್ನೆ ಇದೆ. ಇಪ್ಪತ್ತಮೂರನೇ ದಿನ.

ನಮ್ಮೂರು ಪಿರಿಯಾಪಟ್ಟಣದ ಹತ್ತಿರ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ. ಒಂದು ದಿನವೂ ಸೇದಿದವರಲ್ಲ, ನಾನು ಓದಿದ್ದು ಮಾತ್ರ ಅದರ ದುಡ್ಡಿನಲ್ಲಿ. ಆಗಸ್ಟ್‌ನಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನುವ ಒಣಗಿಸುವ ಮನೆಯೊಳಗೆ ತೂಗುಹಾಕಿ ಹದ ಮಾಡುತ್ತಾರೆ. ಐದಾರು ದಿನ ಒಲೆ ಉರಿಯಬೇಕು, ಶಾಖ ಮೆಲ್ಲಗೆ ಏರಬೇಕು. ರಾತ್ರಿ ಒಬ್ಬರು ಎದ್ದು ಸೌದೆ ಹಾಕುತ್ತಿರಬೇಕು. ಅಪ್ಪನಿಗೆ ಹುಷಾರಿರಲಿಲ್ಲ, ನಾನು ಹೋದೆ. ಬೋಲ್ಟನ್ನು ಪೀಣ್ಯದಲ್ಲೇ ಮರೆತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಹತ್ತರ ಪ್ಯಾಕ್ ತೆಗೆದುಕೊಂಡೆ. ಯೋಚನೆ ಅಂತ ಏನೂ ಮಾಡಲಿಲ್ಲ. ಸುಮ್ನೆ ಇರಲಿ ಅಂತ.

ರಾತ್ರಿ ಒಂದು ಗಂಟೆಗೆ ಬ್ಯಾರನ್ ಮುಂದೆ ಕೂತು ಎರಡು ಸೇದಿದೆ. ಮೊದಲನೆಯದು ತಲೆ ಸುತ್ತಿತು. ಎರಡನೆಯದು ಯಾಕೆ ಹಚ್ಚಿದೆನೋ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಅಣ್ಣನಿಗೆ ಫೋನ್ ಮಾಡಿದೆ.

“ಅಣ್ಣ, ಸೇದ್ಬಿಟ್ಟೆ.”

ಅವರು ಯಾಕೆ ಅನ್ನಲಿಲ್ಲ. ಥೂ ಅನ್ನಲಿಲ್ಲ.

“ಪ್ಯಾಕಲ್ಲಿ ಇನ್ನೆಷ್ಟಿದೆ?”

“ಕೈಲಿರೋದೂ ಸೇರಿ ಎಂಟು.”

“ಎದುರಿಗೆ ಒಲೆ ಇದ್ಯಲ್ಲಪ್ಪ?”

ಎಂಟನ್ನೂ ಒಲೆಗೆ ಹಾಕಿದೆ. ಆಮೇಲೆ ಅವರು ಫೋನ್ ಇಡಲಿಲ್ಲ. ಮೂವತ್ತು ನಿಮಿಷ ತಮ್ಮ ತೆಂಗಿನ ತೋಟದ ನುಸಿರೋಗದ ಬಗ್ಗೆ ಮಾತಾಡಿದರು. ಸಿಗರೇಟಿನ ಸುದ್ದಿಯೇ ಇಲ್ಲ. ಸೋಮವಾರ ಬೀರು ಬಾಗಿಲು ತೆಗೆದು ನಾನೇ ಸೊನ್ನೆ ಬರೆದೆ, ಪಕ್ಕದಲ್ಲಿ ಆ ಸೋಮವಾರದ ಗೀಟೂ ಎಳೆದೆ.

ಎರಡು ವರ್ಷ ಆಯಿತು. ಗೀಟು ಹಾಕುವುದು ನೂರು ದಿನಕ್ಕೇ ನಿಲ್ಲಿಸಿದೆವು, ಬಾಗಿಲಲ್ಲಿ ಜಾಗ ಇರಲಿಲ್ಲ. ಅಣ್ಣ, ನಾನು, ವೆಲ್ಡಿಂಗ್‌ನವನು ಇವತ್ತಿಗೂ ಸೇದುತ್ತಿಲ್ಲ. ವೆಲ್ಡಿಂಗ್‌ನವನ ಹೊಟ್ಟೆ ಬಂದಿದೆ, ಅದು ಬೇರೆ ಕಥೆ. ಐಟಿಐ ಹುಡುಗ ಸೇದುತ್ತಾನೆ. ದಿನಕ್ಕೆ ಎಂಟು ಇದ್ದದ್ದು ಮೂರಕ್ಕೆ ಬಂದಿದೆ ಅನ್ನುತ್ತಾನೆ. ನಮ್ಮ ಜೊತೆಯೇ ಟೀ ಕುಡಿಯುತ್ತಾನೆ, ಸೇದುವಾಗ ಮಾತ್ರ ಆ ಕಡೆ ಹೋಗುತ್ತಾನೆ. ಅವನನ್ನು ಗುಂಪಿನಿಂದ ತೆಗೆದಿಲ್ಲ. ಈಗ ಅವನು ಎಷ್ಟು ಸೇದಿದೆ ಅಂತ ನಿಜ ಹೇಳುವುದು ನಮ್ಮ ಹತ್ತಿರ ಮಾತ್ರ.

ಬರುವ ವಾರ ಮತ್ತೆ ಊರಿಗೆ ಹೋಗಬೇಕು, ಬ್ಯಾರನ್ ಹಚ್ಚುತ್ತಾರಂತೆ. ಬೋಲ್ಟನ್ನು ಈಗಲೇ ಬ್ಯಾಗಿಗೆ ಹಾಕಿದ್ದೇನೆ. ಕರೆದುಕೊಂಡು ಹೋಗಲು ತಮ್ಮ ಬಸ್ ಸ್ಟ್ಯಾಂಡಿಗೇ ಬೈಕ್ ತರುತ್ತಾನೆ, ಇಳಿದ ಕೂಡಲೇ ಹತ್ತಿಸಿಕೊಂಡು ಹೊರಡು ಅಂತ ಹೇಳಿದ್ದೇನೆ. ಅಣ್ಣ ರಾತ್ರಿ ಫೋನನ್ನು ಸೈಲೆಂಟಿಗೆ ಹಾಕಲ್ಲ ಅಂದಿದ್ದಾರೆ.