ನಿಂತ ಹುಲ್ಲೇ ಬಣವೆ

ಎಳ್ಳಮಾವಾಸ್ಯೆ ಬರುವ ಹೊತ್ತಿಗೆ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆಯ ಬೀಳುಗಳಲ್ಲಿ ದನ ಬಾಯಿ ಹಾಕಲು ಏನೂ ಉಳಿದಿರುವುದಿಲ್ಲ. ಆಗಲೇ ಬಣವೆಗೆ ಕೈ ಹಚ್ಚಿದರೆ ಯುಗಾದಿಯ ಹೊತ್ತಿಗೆ ಜೋಳದ ಸೊಪ್ಪೆಯೂ ಮುಗಿಯುತ್ತದೆ. ಮಳೆಗಾಲದ ಹುಲ್ಲಿನಲ್ಲಿ ಒಂದು ಪಾಲನ್ನು ಮೇಯಿಸದೆ ನಿಂತಲ್ಲೇ ಒಣಗಲು ಬಿಟ್ಟರೆ ಬಣವೆಯನ್ನು ತಡವಾಗಿ ತೆರೆಯಬಹುದು.

ಸ್ವಂತ ಬೀಳು ಒಂದು ಎಕರೆ ಇದ್ದರೂ ಸಾಕು. ಗೋಮಾಳವಾದರೆ ಊರಿನವರು ಕೂತು ಒಪ್ಪಬೇಕು. ಇಲ್ಲವಾದರೆ ನೀವು ಕಾದ ಹುಲ್ಲು ಪಕ್ಕದವರ ಕುರಿಗಳ ಪಾಲು. ಜೂನ್, ಜುಲೈನಲ್ಲಿ ಎಂದಿನಂತೆ ಮೇಯಿಸಿ, ಮಘೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ನಡುವಿಗೆ, ದನಗಳನ್ನು ಹೊರಗೆ ಹಾಕಿ. ಮೊದಲೇ ಮುಚ್ಚಿದರೆ ಹುಲ್ಲು ಬಲಿತು ಬರೀ ಕಡ್ಡಿಯಾಗುತ್ತದೆ. ತಡಮಾಡಿದರೆ ಬೆಳೆಯಲು ತೇವ ಸಾಲದು.

ಹುಲ್ಲು ಒಣಗಿದ ಮೇಲೆ ಎಷ್ಟಿದೆ ಎಂದು ತೂಗಿಯೇ ನೋಡಿ. ಕಣ್ಣಳತೆ ಯಾವಾಗಲೂ ಹೆಚ್ಚೇ ಹೇಳುತ್ತದೆ. ಒಂದು ಮೀಟರ್ ಉದ್ದಗಲದ ಚೌಕಟ್ಟನ್ನು ನಾಲ್ಕೈದು ಕಡೆ ಇಟ್ಟು, ಒಳಗಿನ ಹುಲ್ಲನ್ನು ಕೊಯ್ದು ಚೆನ್ನಾಗಿ ಒಣಗಿಸಿ ತೂಗಬೇಕು. ಸರಾಸರಿ 250 ಗ್ರಾಂ ಬಂದರೆ ಎಕರೆಗೆ ಸುಮಾರು 1,000 ಕಿಲೊ. ಅದರಲ್ಲಿ ಅರ್ಧ ತುಳಿತಕ್ಕೆ, ಗೆದ್ದಲಿಗೆ, ಬುಡಕ್ಕೆ ಎಂದು ಬಿಟ್ಟುಬಿಡಿ. 300 ಕಿಲೊ ತೂಕದ ಎತ್ತಿಗೆ ದಿನಕ್ಕೆ 7 ಕಿಲೊ ಒಣಮೇವು ಬೇಕು. ಹಾಗಾದರೆ ಉಳಿದ 500 ಕಿಲೊ ಒಂದು ಜೋಡಿ ಎತ್ತಿಗೆ 35 ದಿನ.

ಈ ಲೆಕ್ಕ ಕೈಗೆ ಹತ್ತುವುದು ಪಟ್ಟಿ ಪಟ್ಟಿಯಾಗಿ ಮೇಯಿಸಿದರೆ ಮಾತ್ರ. ಇಡೀ ಹೊಲವನ್ನು ಒಮ್ಮೆಲೇ ಬಿಟ್ಟರೆ ದನಗಳು ಎಲೆ ಆರಿಸಿ ತಿಂದು ಉಳಿದುದರ ಮೇಲೆ ಮಲಗುತ್ತವೆ. ನೀರಿನ ತೊಟ್ಟಿಯಿರುವ ತುದಿಯಿಂದ ಆರಂಭಿಸಿ, ಮೂರ್ನಾಲ್ಕು ದಿನಕ್ಕೆ ಸಾಲುವಷ್ಟೇ ತೆರೆಯಿರಿ. ಸೌರ ಬೇಲಿ ಇದ್ದರೆ ಸುಲಭ. ಇಲ್ಲದಿದ್ದರೆ ಗೂಟ, ಹಗ್ಗ ಸಾಕು. ನಾಲ್ಕು ಬೆರಳು ಎತ್ತರ ಉಳಿದಾಗ ಮುಂದಿನ ಪಟ್ಟಿಗೆ ಸರಿಸಿ, ಬೇರಿಗೆ ಮುಂದಿನ ಮಳೆಗೆ ಚಿಗುರುವ ಕಸುವು ಇರಬೇಕು.

ಒಣಹುಲ್ಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಸಸಾರಜನಕ ಕಡಿಮೆ. ಕೆಲಸವಿಲ್ಲದ ಎತ್ತು, ಹಾಲು ಬತ್ತಿದ ಆಕಳಿಗೆ ಸಂಜೆ ತೊಗರಿ ಅಥವಾ ಶೇಂಗಾ ಹೊಟ್ಟು, ಒಂದಿಷ್ಟು ಹಿಂಡಿ, ಖನಿಜ ಮಿಶ್ರಣ ಕೊಟ್ಟರೆ ನಡೆಯುತ್ತದೆ. ಕರೆಯುವ ಆಕಳನ್ನು ಇದರ ಮೇಲೇ ಬಿಡಬೇಡಿ.

ಒಂದು ಬೀಡಿಯ ತುಂಡು ಸಾಕು, ಎಲ್ಲವೂ ಬೂದಿ. ಹೊಲದ ಸುತ್ತ ಮೂರು ಮೀಟರ್ ಅಗಲ ಉತ್ತು ಹುಲ್ಲು ತೆಗೆಯಿರಿ. ಹಸ್ತ ಮಳೆಯ ಹಸಿ ಇರುವಾಗಲೇ, ಅಂದರೆ ಅಕ್ಟೋಬರ್ ಮೊದಲ ಭಾಗದಲ್ಲೇ, ಇದನ್ನು ಮುಗಿಸಿ. ನೆಲ ಗಟ್ಟಿಯಾದ ಮೇಲೆ ನೇಗಿಲು ಇಳಿಯುವುದಿಲ್ಲ.