ಕಾಟಾದಲ್ಲಿ ಎರಡು ಚೀಟಿ ಕಳೆದ ಸಂಜೆ: ಸಿ ಸಿಗ್ನಲ್‌ ಜೊತೆ ನನ್ನ ಅನುಭವ

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಲಾರಿ ಕಾಟಾಕ್ಕೆ ನಾನು ಸಿ ಭಾಷೆಯಲ್ಲಿ ಎರಡು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದು ತೂಕ ಓದಿ ಫೈಲಿಗೆ ಹಾಕುತ್ತದೆ. ಇನ್ನೊಂದು ಚೀಟಿ ಪ್ರಿಂಟ್ ಮಾಡುತ್ತದೆ. ತೂಕ ಆದ ಕೂಡಲೇ ಮೊದಲನೆಯದು ಕಿಲ್ ಫಂಕ್ಷನ್‌ನಿಂದ ಎರಡನೆಯದಕ್ಕೆ ಸಿಗ್‌ಯೂಸರ್‌1 ಅನ್ನೋ ಸಿಗ್ನಲ್ (ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೊಡುವ ಸಣ್ಣ ಸೂಚನೆ) ಕಳಿಸುತ್ತಿತ್ತು. ಸಿಗ್ನಲ್ ಬಂದರೆ ಕೊನೆಯ ತೂಕದ ಚೀಟಿ ಹೊರಗೆ. ಪ್ರಿಂಟ್ ಆಗುವಾಗ ತೊಂದರೆ ಬೇಡ ಅಂತ ಆ ಹೊತ್ತಿಗೆ ಸಿಗ್ನಲ್ ತಡೆದಿಟ್ಟಿದ್ದೆ.

ಭತ್ತದ ಸುಗ್ಗಿ. ಒಂದು ಸಂಜೆ ಪ್ರಿಂಟ್ ನಡುವೆಯೇ ಪೇಪರ್ ಮುಗಿಯಿತು. ಹೊಸದು ತರುವಷ್ಟರಲ್ಲಿ ಮೂರು ಟ್ರ್ಯಾಕ್ಟರ್ ಕಾಟಾ ಹತ್ತಿ ಇಳಿದವು. ಪೇಪರ್ ಹಾಕಿದರೆ, ಅರ್ಧಕ್ಕೆ ನಿಂತಿದ್ದ ಚೀಟಿ ಬಂತು, ಮೂರನೇ ಟ್ರ್ಯಾಕ್ಟರಿನದು ಬಂತು, ಅಷ್ಟೇ. "ತಮ್ಮಾ, ನನ್ನ ಚೀಟಿ ಎಲ್ಲೈತಿ?" ಅಂತ ವಯಸ್ಸಾದ ರೈತರೊಬ್ಬರು ಕಿಟಕಿ ಹತ್ತಿರ ನಿಂತೇ ಇದ್ದರು. ಚೀಟಿ ಇಲ್ಲದೆ ಅವರ ಲೆಕ್ಕ ಆಗಲ್ಲ, ಅಲ್ವಾ? ನನಗೆ ತುಂಬಾ ಬೇಜಾರಾಯಿತು.

ಮನೆಗೆ ಬಂದು ಪರೀಕ್ಷೆ ಮಾಡಿದೆ. ಚೀಟಿ ಪ್ರೋಗ್ರಾಂಗೆ ಸಿಗ್‌ಸ್ಟಾಪ್ ಕೊಟ್ಟು ನಿಲ್ಲಿಸಿದೆ, ಹತ್ತು ಸಲ ಸಿಗ್‌ಯೂಸರ್‌1 ಕಳಿಸಿದೆ, ಸಿಗ್‌ಕಂಟ್ ಕೊಟ್ಟು ಮತ್ತೆ ಓಡಿಸಿದೆ. ಒಂದೇ ಒಂದು ತಲುಪಿತು. ಸಾಮಾನ್ಯ ಸಿಗ್ನಲ್ ಕಾದಿದೆಯೋ ಇಲ್ಲವೋ ಅಂತ ಮಾತ್ರ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಗುರುತು ಇಡುತ್ತದೆ. ಎಷ್ಟು ಸಲ ಬಂತು ಅಂತ ಎಣಿಸುವುದಿಲ್ಲ.

ಹಾಗಾಗಿ ರಿಯಲ್ ಟೈಮ್ ಸಿಗ್ನಲ್‌ಗೆ ಹೋದೆ. ಇವು ಸಾಲಿನಲ್ಲಿ ನಿಲ್ಲುತ್ತವೆ, ಬಂದ ಕ್ರಮದಲ್ಲೇ ತಲುಪುತ್ತವೆ. ಕಿಲ್ ಬದಲು ಸಿಗ್‌ಕ್ಯೂ ಬಳಸಿದರೆ ಜೊತೆಗೆ ಒಂದು ಪೂರ್ಣಾಂಕವನ್ನೂ ಕಳಿಸಬಹುದು. ನಾನು ಚೀಟಿ ನಂಬರ್ ಕಳಿಸುತ್ತೇನೆ, ತೂಕ ಫೈಲಿನಲ್ಲೇ ಇರುತ್ತದೆ. ಪಾಯಿಂಟರ್ (ಮೆಮೊರಿ ವಿಳಾಸ) ಕಳಿಸಲು ಹೋಗಬೇಡಿ. ಈ ಪ್ರೋಗ್ರಾಂನ ವಿಳಾಸಕ್ಕೆ ಆ ಪ್ರೋಗ್ರಾಂನಲ್ಲಿ ಅರ್ಥವೇ ಇಲ್ಲ. ಸಿಗ್ನಲ್ ನಂಬರನ್ನು 34 ಅಂತ ನೇರವಾಗಿ ಬರೆಯದೆ ಸಿಗ್‌ಆರ್‌ಟಿಮಿನ್ (ಮೊದಲ ರಿಯಲ್ ಟೈಮ್ ಸಿಗ್ನಲ್‌ನ ಹೆಸರು) ಅಂತಲೇ ಬರೆಯಿರಿ.

ಪಡೆಯುವ ಕಡೆ ಹ್ಯಾಂಡ್ಲರ್ (ಸಿಗ್ನಲ್ ಬಂದ ಕೂಡಲೇ ತಾನಾಗಿ ಓಡುವ ಫಂಕ್ಷನ್) ತೆಗೆದೇಬಿಟ್ಟೆ. ಅದರೊಳಗೆ ಪ್ರಿಂಟ್‌ಎಫ್, ಮ್ಯಾಲಾಕ್‌ನಂಥ ಫಂಕ್ಷನ್ ಕರೆಯುವುದು ಅಪಾಯ. ಪ್ರೋಗ್ರಾಂ ಶುರುವಿನಲ್ಲೇ ಸಿಗ್‌ಪ್ರಾಕ್‌ಮಾಸ್ಕ್‌ನಿಂದ ಆ ಸಿಗ್ನಲ್ ತಡೆದು, ಲೂಪಿನಲ್ಲಿ ಸಿಗ್‌ವೇಟ್‌ಇನ್ಫೋ ಕರೆದು ಕಾಯುತ್ತೇನೆ. ತಡೆಯುವುದು ಮರೆತರೆ ಮೊದಲ ಸಿಗ್ನಲ್‌ಗೇ ಪ್ರೋಗ್ರಾಂ ಸಾಯುತ್ತದೆ.

ಮತ್ತೆ ಅದೇ ಪರೀಕ್ಷೆ. ಈ ಸಲ ಹತ್ತಕ್ಕೆ ಹತ್ತೂ ಬಂದವು. ಸಾಲಿಗೂ ಮಿತಿ ಇದೆ, ತುಂಬಿದರೆ ಸಿಗ್‌ಕ್ಯೂ -1 ಕೊಡುತ್ತದೆ. ಅದನ್ನು ಸುಮ್ನೆ ಬಿಡದೆ ಆ ಚೀಟಿ ನಂಬರನ್ನು ಕಾಟಾ ಹುಡುಗನ ಸ್ಕ್ರೀನ್ ಮೇಲೆ ಕೆಂಪಗೆ ತೋರಿಸುತ್ತೇನೆ.